ಹಠಾತ್ ಹೃದಯ ಸ್ತಂಭನ: ಆಂಬುಲೆನ್ಸ್ ಬರುವ ಮುನ್ನ ನಾವು ಮಾಡಬೇಕಾದ್ದು

ಗದಗ ನಗರದ ಪಕ್ಕದ ಮಲ್ಲಸಮುದ್ರದಲ್ಲಿ ಇಂದು ಸರಕಾರಿ ವೈದ್ಯಕೀಯ ಕಾಲೇಜು (ಜಿಮ್ಸ್) ಇದೆ. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆಯಿದೆ. ಆದರೆ ಹೃದಯ ಹಠಾತ್ತನೆ ನಿಂತಾಗ ಆಸ್ಪತ್ರೆ ಎಷ್ಟೇ ಹತ್ತಿರವಿದ್ದರೂ ಮೊದಲ ನಿಮಿಷಗಳು ಪಕ್ಕದಲ್ಲಿರುವವರ ಕೈಯಲ್ಲಿರುತ್ತವೆ. ರಕ್ತ ಸಂಚಾರ ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿಯಾಗತೊಡಗುತ್ತದೆ.

ಹೃದಯಾಘಾತವೂ ಹೃದಯ ಸ್ತಂಭನವೂ ಒಂದೇ ಅಲ್ಲ. ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ; ರೋಗಿ ಸಾಮಾನ್ಯವಾಗಿ ಎಚ್ಚರವಿದ್ದು ಎದೆನೋವು, ಬೆವರು ಎನ್ನುತ್ತಾರೆ. ಸ್ತಂಭನದಲ್ಲಿ ಹೃದಯದ ಬಡಿತವೇ ನಿಂತು ವ್ಯಕ್ತಿ ಕುಸಿದು ಬೀಳುತ್ತಾರೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದ ಬಳಿಕ ನಾಡಿನಲ್ಲಿ ಈ ಬಗ್ಗೆ ಜಾಗೃತಿ ಹೆಚ್ಚಿತು. ಅವರ ಹೆಸರಿನಲ್ಲಿ ರಾಜ್ಯ ಸರಕಾರ 2023ರಲ್ಲಿ ಘೋಷಿಸಿದ 'ಹೃದಯ ಜ್ಯೋತಿ' ಯೋಜನೆ ಹೃದಯಾಘಾತದ ರೋಗಿಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಹಾಗೂ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಗ ಸಿಗುವಂತೆ ಮಾಡುವುದಕ್ಕಾಗಿದೆ.

ಯಾರಾದರೂ ಕುಸಿದರೆ:

1. ಭುಜ ತಟ್ಟಿ ಕರೆಯಿರಿ. ಪ್ರತಿಕ್ರಿಯೆಯಿಲ್ಲ, ಸರಿಯಾದ ಉಸಿರಾಟವೂ ಇಲ್ಲವೆಂದರೆ ಸ್ತಂಭನವೆಂದೇ ತಿಳಿಯಿರಿ. ಆಗಾಗ ಬರುವ ಏದುಸಿರನ್ನು ಉಸಿರಾಟವೆಂದು ಭಾವಿಸಬಾರದು.

2. ಒಬ್ಬರಿಗೆ ಹೆಸರಿಟ್ಟು ಹೇಳಿ 108ಕ್ಕೆ ಕರೆ ಮಾಡಿಸಿ. ಹತ್ತಿರದಲ್ಲಿ ಎಇಡಿ ಯಂತ್ರವಿದ್ದರೆ ತರಿಸಿ. ಅದು ಹೇಳಿದಂತೆ ಮಾಡಿದರೆ ಸಾಕು.

3. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಬಾಗಿಸದೆ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿರಿ. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು.

4. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ತರಬೇತಿ ಪಡೆದವರು 30 ಒತ್ತಿಗೆ 2 ಬಾರಿ ಬಾಯಿಯಿಂದ ಉಸಿರು ಕೊಡಬಹುದು. ಮಕ್ಕಳಿಗೂ ನೀರಿನಲ್ಲಿ ಮುಳುಗಿದವರಿಗೂ ಈ ಉಸಿರು ಬಹಳ ಮುಖ್ಯ.

ನೀರು ಕುಡಿಸಬೇಡಿ, ಎತ್ತಿ ಕೂರಿಸಬೇಡಿ. ಒತ್ತುವಾಗ ಪಕ್ಕೆಲುಬು ಮುರಿದೀತೆಂಬ ಭಯದಿಂದ ನಿಲ್ಲಿಸಬೇಡಿ. ಮುರಿದ ಎಲುಬು ಕೂಡುತ್ತದೆ, ಹೋದ ಜೀವ ಬಾರದು.

ಬಲಿಪೂಜೆಯ ವೇಳೆ ಇಂತಹದು ನಡೆದರೆ ನಾವು ಮೊದಲು ಧರ್ಮಗುರುಗಳನ್ನು ಕರೆಯುತ್ತೇವೆ. ಅದು ಸರಿಯೇ. ಗುರುಗಳು ಅಭ್ಯಂಗ ಸಂಸ್ಕಾರ ನೀಡುತ್ತಿರುವಾಗಲೂ ಎದೆ ಒತ್ತುವ ಕೈ ನಿಲ್ಲದಿರಲಿ. ಪ್ರಾರ್ಥನೆ ಮತ್ತು ಪ್ರಯತ್ನ ಒಂದಕ್ಕೊಂದು ವಿರೋಧವಲ್ಲ.

ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ, ವಾಳೆಯ ಗುರಿಕಾರರು ಮತ್ತು ಯುವಜನರು ಹತ್ತಿರದ ಆಸ್ಪತ್ರೆಯವರನ್ನು ಕರೆಸಿ ಒಂದು ಭಾನುವಾರ ಇದರ ಪ್ರಾತ್ಯಕ್ಷಿಕೆ ಏರ್ಪಡಿಸಲಿ ಎಂದು ನಾವು ವಿನಂತಿಸುತ್ತೇವೆ. ಓದಿ ತಿಳಿದದ್ದು ಕೈಗೆ ಬರಬೇಕಾದರೆ ಅಭ್ಯಾಸ ಬೇಕು.