ಮೊಸರಿನ ದೀಕ್ಷಾಸ್ನಾನ

ಕೆಲಸದ ನಿಮಿತ್ತ ಅಥೆನ್ಸಿಗೆ ಹೋಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಒಂದು ಚಿತ್ರ ಕಳುಹಿಸಿದ್ದ. ಮೊನಾಸ್ತಿರಾಕಿ ಎಂಬ ಪೇಟೆಯ ಖಾನಾವಳಿ ಅದು. ನೀಲಿ ಕುರ್ಚಿಗಳು, ಕೆಂಪು ಚೌಕಳಿಯ ಮೇಜುವಸ್ತ್ರಗಳು, ಗೋಡೆಯ ತುಂಬ ಹಳೆಯ ತಾಮ್ರದ ಪಾತ್ರೆಗಳು. 'ಸಾಂಪ್ರದಾಯಿಕ ಗ್ರೀಕ್ ಊಟ' ಎಂಬ ಫಲಕವೂ ಇತ್ತು. ಜೊತೆಗೊಂದು ಪ್ರಶ್ನೆ: "ಸಾರ್, ಪೆರಿಕ್ಲಿಸ್ ಕೂಡ ಇದನ್ನೇ ಉಣ್ಣುತ್ತಿದ್ದನೆ?"

ಇಲ್ಲ. ಅವನ ಕಾಲದವರು ಬಾರ್ಲಿಯ ರೊಟ್ಟಿ, ಆಲಿವ್, ಮೀನು, ದ್ರಾಕ್ಷಾರಸಗಳನ್ನು ಬಲ್ಲವರು. ಅಮೆರಿಕದಿಂದ ಬಂದ ಟೊಮೇಟೊವನ್ನು ಅವರು ಕಂಡೇ ಇರಲಿಲ್ಲ. ಆದರೆ ಆ ಪ್ರಶ್ನೆಯಿಂದ ನನಗೆ ಸ್ವಲ್ಪ ನಾಚಿಕೆಯೂ ಆಯಿತು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನನ್ನು ಸಾಯಿಸಿ, ಮರುದಿನವೇ ನಿಮ್ಮನ್ನೆಲ್ಲ ರೋಮಿಗೆ ಕರೆದೊಯ್ದವನು ನಾನು. ಗ್ರೀಸ್ ಆಮೇಲೇನಾಯಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬಾಕಿಯಲ್ಲಿ ಸ್ವಲ್ಪವನ್ನಾದರೂ ಈಗ ತೀರಿಸುತ್ತೇನೆ.

ಮೊನಾಸ್ತಿರಾಕಿ ಎಂದರೆ ಪುಟ್ಟ ಮಠ. ಮಠ ಹೋಗಿ ಅದರ ಚರ್ಚು ಉಳಿದಿದೆ. ಪಕ್ಕದಲ್ಲೇ ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗ್ರಂಥಾಲಯದ ಅವಶೇಷ, ಅದಕ್ಕೆ ತಾಗಿದಂತೆ ತುರ್ಕರ ಆಳ್ವಿಕೆಯಲ್ಲಿ 1759ರಲ್ಲಿ ಎದ್ದ ಮಸೀದಿ. ಹಳೆಯ ಸಾಮಾನಿನ ಅಂಗಡಿಗಳಿರುವ ಬೀದಿಗೆ ಕಮ್ಮಾರರ ದೇವತೆ ಹೆಫೈಸ್ಟಸನ ಹೆಸರು. ಸಂತೆಯನ್ನು ಜನ ಯೂಸುರೂಮ್ ಎನ್ನುತ್ತಾರೆ. ಅದು ಇಲ್ಲಿ ಹಳೆಯ ವಸ್ತುಗಳ ವ್ಯಾಪಾರ ನಡೆಸಿದ ಯಹೂದಿ ಕುಟುಂಬವೊಂದರ ಹೆಸರು. ಯಾವುದು ಯಾರ ಸಂಪ್ರದಾಯ ಎಂದು ಇಲ್ಲಿ ಗೆರೆ ಎಳೆಯಹೊರಡುವವನ ಕೈ ಸೋಲುತ್ತದೆ.

ಆದರೂ ಒಮ್ಮೆ ಗೆರೆ ಎಳೆದರು. 1919ರಲ್ಲಿ ಏಷ್ಯಾ ಮೈನರಿಗೆ ಸೇನೆ ಕಳುಹಿಸಿದ ಗ್ರೀಸ್ 1922ರಲ್ಲಿ ಸಂಪೂರ್ಣವಾಗಿ ಸೋತಿತು. ಆ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ನಗರ ಹೊತ್ತಿ ಉರಿಯಿತು. 1923ರ ಜನವರಿಯಲ್ಲಿ ಲೊಸಾನ್ ನಗರದಲ್ಲಿ ಜನವಿನಿಮಯದ ಒಪ್ಪಂದವಾಯಿತು. ಸುಮಾರು ಹನ್ನೆರಡು ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ತುರ್ಕಿಗೆ ಹೋದರು. ಆಗ ಗ್ರೀಸಿನ ಒಟ್ಟು ಜನಸಂಖ್ಯೆಯೇ ಸುಮಾರು ಐವತ್ತು ಲಕ್ಷ. ಕೇಳಿದ್ದು ಧರ್ಮವನ್ನು, ಭಾಷೆಯನ್ನಲ್ಲ. ಹಾಗಾಗಿ ತುರ್ಕಿ ಭಾಷೆಯನ್ನಷ್ಟೇ ಬಲ್ಲ ಕ್ರೈಸ್ತರು 'ತಾಯ್ನಾಡು' ಗ್ರೀಸಿಗೂ, ಗ್ರೀಕ್ ಮಾತನಾಡುತ್ತಿದ್ದ ಕ್ರೀಟಿನ ಮುಸ್ಲಿಮರು 'ತಾಯ್ನಾಡು' ತುರ್ಕಿಗೂ ಸಾಗಬೇಕಾಯಿತು. ಅಥೆನ್ಸಿನ ನಗರ ನಾಟಕಶಾಲೆಯಲ್ಲಿ, ಶ್ರೀಮಂತರು ಕೂತು ನಾಟಕ ನೋಡುತ್ತಿದ್ದ ಒಂದೊಂದು ಕಟ್ಟೆಯಲ್ಲೂ ಒಂದೊಂದು ನಿರಾಶ್ರಿತ ಕುಟುಂಬ ವಾಸವಾಗಿತ್ತು.

ಬಂದವರ ಬಳಿ ಉಳಿದದ್ದು ಕೈಯ ರುಚಿ ಮಾತ್ರ. ಜೀರಿಗೆ, ಬೆಳ್ಳುಳ್ಳಿ ಹಾಕಿದ ಸ್ಮಿರ್ನಾದ ಮಾಂಸದುಂಡೆ, ಮೊಸರಿನ ಮೇಲೆ ಬಡಿಸಿದ ಕಬಾಬು ಇವರ ಅಡುಗೆ. ಸ್ಥಳೀಯರು ಇವರಿಗೆ ಇಟ್ಟ ಅಡ್ಡಹೆಸರು 'ಮೊಸರಿನಲ್ಲಿ ದೀಕ್ಷಾಸ್ನಾನ ಮಾಡಿದವರು'. 'ತುರ್ಕರ ಬೀಜ' ಎಂಬ ಇನ್ನೊಂದು ಬೈಗುಳವೂ ಇತ್ತು. ಎಲ್ಲ ಬಿಟ್ಟು ಬಂದ ತಾಯಂದಿರನ್ನು ಅವರ ಅಡುಗೆಯ ಹೆಸರಿನಲ್ಲೇ ಹಂಗಿಸಿದರಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಅದೇ ಕಾಲದಲ್ಲಿ ನಿಕೊಲಾಸ್ ತ್ಸೆಲೆಮೆಂತೆಸ್ ಎಂಬ ಪಾಕಪ್ರವೀಣ ಗ್ರೀಕ್ ಅಡುಗೆಯಿಂದ ಪೂರ್ವದ ಮಸಾಲೆಯ ವಾಸನೆ ಹೋಗಲಾಡಿಸಿ ಅದನ್ನು ಯುರೋಪಿನದಾಗಿಸಲು ಹೊರಟಿದ್ದ. ಬದನೆಕಾಯಿಯ ಮುಸಾಕದ ಮೇಲೆ ಫ್ರೆಂಚರ ಬಿಳಿಯ ಸಾಸು ಹೊದಿಸಿ ಅದನ್ನು ಜನಪ್ರಿಯಗೊಳಿಸಿದವನು ಅವನೇ. ಅವನ ಹೆಸರು ಗ್ರೀಕರಲ್ಲಿ ಅಡುಗೆಪುಸ್ತಕಕ್ಕೇ ಪರ್ಯಾಯಪದವಾಯಿತು! ಕಡೆಗೆ ಅವನ ಮುಸಾಕವೂ ನಿರಾಶ್ರಿತರ ಕಬಾಬೂ ಒಂದೇ ಫಲಕದ ಕೆಳಗೆ 'ಸಾಂಪ್ರದಾಯಿಕ' ಎನಿಸಿಕೊಂಡು ಕೂತಿವೆ. ನನ್ನ ಶಿಷ್ಯನ ತಟ್ಟೆಯಲ್ಲಿ ಸೌತೆಕಾಯಿ ಬೆರೆಸಿದ ಮೊಸರಿನ ಬಟ್ಟಲೂ ಇತ್ತು. ಅದು ತ್ಸಾತ್ಸಿಕಿ, ಹೆಸರು ತುರ್ಕಿ ಮೂಲದ್ದು. ಊಟವಾದ ಮೇಲೆ ಅವನು ಕುಡಿದ ಕಾಫಿ ಬಹುಕಾಲ 'ತುರ್ಕಿ ಕಾಫಿ' ಆಗಿತ್ತು. 1974ರಲ್ಲಿ ತುರ್ಕಿ ಸೈಪ್ರಸ್ಸಿಗೆ ಸೇನೆ ನುಗ್ಗಿಸಿದ ಮೇಲೆ 'ಗ್ರೀಕ್ ಕಾಫಿ' ಎಂಬ ಹೆಸರೇ ನೆಲೆಯಾಯಿತು.

ಇದನ್ನೆಲ್ಲ ಅವನಿಗೆ ಬರೆದು, ಇನ್ನೊಮ್ಮೆ ಅಲ್ಲಿಗೆ ಹೋದರೆ ಗಲ್ಲಾದಲ್ಲಿ ಕೂತ ಹಿರಿಯರನ್ನು "ನಿಮ್ಮ ಅಜ್ಜಿಯ ಊರು ಯಾವುದು?" ಎಂದು ಕೇಳು ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.