ಗೋಲುಗಂಬಗಳ ನಡುವೆ ನಿಂತವನು



2023ರ ಜುಲೈ 4ರ ರಾತ್ರಿ ಬಳೇಪೇಟೆಯ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದೆ. ನಮ್ಮೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಭಾರತ ಮತ್ತು ಕುವೈತ್ 1-1 ಸಮಬಲ. ಕಡೆಗೆ ಪೆನಾಲ್ಟಿ ಹೊಡೆತಗಳ ಸರದಿ. ಬೆಂಗಳೂರು ಎಫ್‌ಸಿ ತಂಡಕ್ಕೆ 2017ರಲ್ಲಿ ಬಂದ ಗುರ್‌ಪ್ರೀತ್ ಸಿಂಗ್ ಸಂಧು ಕುವೈತಿನ ಕೊನೆಯ ಹೊಡೆತವನ್ನು ತಡೆದಾಗ ಭಾರತ 5-4ರಿಂದ ಗೆದ್ದಿತು. ಮನೆಮಂದಿಯೆಲ್ಲ ಎದ್ದು ಕುಣಿದರು. ನನಗೆ ಮಾತ್ರ ನನ್ನ ತರಗತಿಯ ಒಬ್ಬ ಹುಡುಗ ನೆನಪಾದ.

ಆಟದ ಅವಧಿಯಲ್ಲಿ ತಂಡ ಕಟ್ಟುವ ಕೆಲಸ ನನ್ನದಾಗಿತ್ತು. ಆ ಹುಡುಗ ವೇಗವಾಗಿ ಓಡಲಾರ. "ನೀನು ಗೋಲಿನಲ್ಲಿ ನಿಂತುಕೋ, ಅಷ್ಟು ಸಾಕು" ಎನ್ನುತ್ತಿದ್ದೆ. ಉಳಿದವರು ನಗುತ್ತಿದ್ದರು, ನಾನು ತಡೆಯಲಿಲ್ಲ.

ಇತಿಹಾಸದ ಮೇಷ್ಟರಾದ ನನಗೆ ತಿಳಿದಿರಬೇಕಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಲವರು ಬರಿಗಾಲಿನಲ್ಲೇ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತಾಗ ಗೋಲಿನಲ್ಲಿ ನಿಂತಿದ್ದವರು ನಮ್ಮ ಮೈಸೂರು ಸಂಸ್ಥಾನದ ಕೆ. ವಿ. ವರದರಾಜ್. ನಮ್ಮ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಅವರೂ ಇಲ್ಲಿಯವರೇ. ಗೋಲು ಹೊಡೆದವರನ್ನು ಸ್ಮರಿಸುವಷ್ಟು ತಡೆದವರನ್ನು ನಾವು ಸ್ಮರಿಸುವುದಿಲ್ಲ.

ಗೋಲ್‌ಕೀಪರನ ಕೆಲಸವೂ ಒಂದೇ ಬಗೆಯಾಗಿ ಉಳಿಯಲಿಲ್ಲ. 1912ರವರೆಗೆ ಅವನು ಮೈದಾನದ ತನ್ನ ಅರ್ಧಭಾಗದಲ್ಲೆಲ್ಲ ಚೆಂಡನ್ನು ಕೈಯಲ್ಲಿ ಮುಟ್ಟಬಹುದಿತ್ತು; ಆಮೇಲೆ ಆ ಹಕ್ಕು ಪೆನಾಲ್ಟಿ ಆವರಣಕ್ಕೆ ಸೀಮಿತವಾಯಿತು. ಗೋಲುಗೆರೆಗೆ ಅಂಟಿಕೊಳ್ಳದೆ ಮುನ್ನುಗ್ಗಿ ಬರುತ್ತಿದ್ದ ರಷ್ಯಾದ ಲೆವ್ ಯಾಷಿನ್ 1963ರಲ್ಲಿ ಬ್ಯಾಲನ್ ಡಿ'ಓರ್ ಪಡೆದರು. ಆ ಗೌರವ ಇಂದಿಗೂ ಬೇರಾವ ಗೋಲ್‌ಕೀಪರನಿಗೂ ದಕ್ಕಿಲ್ಲ.

ದೊಡ್ಡ ಬದಲಾವಣೆ ಬಂದದ್ದು 1992ರಲ್ಲಿ. ಅದುವರೆಗೆ ಗೆಲ್ಲುತ್ತಿರುವ ತಂಡದವರು ಚೆಂಡನ್ನು ಹಿಂದಕ್ಕೆ ಒದೆಯುವುದು, ಗೋಲ್‌ಕೀಪರ್ ಅದನ್ನು ಎತ್ತಿಕೊಂಡು ಕಾಲ ಕಳೆಯುವುದು ನಡೆದಿತ್ತು. ಜೊತೆಯಾಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೈಯಿಂದ ಮುಟ್ಟಕೂಡದೆಂಬ ನಿಯಮ ಬಂದ ಮೇಲೆ ಅವನೂ ಕಾಲಿನ ಕೌಶಲ ಕಲಿಯಬೇಕಾಯಿತು. 2025ರಿಂದ, ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಚೆಂಡನ್ನು ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್ ಕಿಕ್. ಇಂದು ಎಷ್ಟೋ ತಂಡಗಳ ಆಕ್ರಮಣ ಅವನ ಕಾಲಿನಿಂದಲೇ ಆರಂಭವಾಗುತ್ತದೆ.

ಕೆಲಸಕ್ಕೆ ಬಾರದವನೆಂದು ನಾನು ಮೂಲೆಗೆ ತಳ್ಳಿದ ಸ್ಥಾನ ಅದು. ಅಲ್ಲಿ ನಿಂತು ಇಡೀ ಮೈದಾನವನ್ನು ಎದುರಿಗೆ ಕಾಣುತ್ತಿದ್ದವನು ಆ ಹುಡುಗನೊಬ್ಬನೇ. ಅವನಿಗೀಗ ಅರವತ್ತು ದಾಟಿರಬಹುದು. ನಿಮ್ಮಲ್ಲಿ ಯಾರಿಗಾದರೂ ಅವನ ಒಡನಾಟವಿದ್ದರೆ, ಮೇಷ್ಟರು ಕ್ಷಮೆ ಕೇಳಿದರೆಂದು ತಿಳಿಸಿ. ಅಂದು ನಕ್ಕವರೂ ಜೊತೆಗೂಡಿದರೆ ನನಗೆ ಇನ್ನಷ್ಟು ಸಮಾಧಾನ.