ಪೆರಂಬೂರಿನ ಮ್ಯಾಸಿ, ನಮ್ಮಪ್ಪನ ಟ್ರಾಲಿ, ಒಂದು ವಾಲ್ವಿನ ಜಗಳ

ಹೋದ ವಾರದ ಮಾತನ್ನ ಬರಹದಲ್ಲಿ ಹಾಕಿ ಅಂತ ಸುಮಾರು ಜನ ಕೇಳಿದ್ರಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿ ಬರೆದಿದ್ದೀನಿ.

ಮಂಡ್ಯದಲ್ಲಿ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಬರೋರಿಗೆ ಪೆರಂಬೂರು ಗೊತ್ತೇ ಇರುತ್ತೆ. ಸೆಂಟ್ರಲ್ ಬಂತು ಅಂತ ಬ್ಯಾಗ್ ಕೆಳಗಿಳಿಸೋ ಹೊತ್ತು ಅದು. ಅದರ ಪಕ್ಕದಲ್ಲೇ ಸೆಂಬಿಯಂ. ಎಂಟು ವರ್ಷ ಅದನ್ನ ದಾಟಿಕೊಂಡು ಓಎಂಆರ್‌ಗೆ ಕೆಲಸಕ್ಕೆ ಹೋಗಿದ್ದೀನಿ. ನಮ್ಮನೆ ಕೊಟ್ಟಿಗೆ ಮುಂದೆ ನಿಂತಿರೋ ಕೆಂಪು ಟ್ರ್ಯಾಕ್ಟರಿನ ತವರು ಇದೇ ಅಂತ ಗೊತ್ತೇ ಇರಲಿಲ್ಲ.

ಅಪ್ಪನದು ಮ್ಯಾಸಿ ಫರ್ಗ್ಯೂಸನ್ 1035, ಹಳೇ ಗಾಡಿ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಯೋದು, ಆಮೇಲೆ ಕೊಟ್ಟಿಗೆ ಗೊಬ್ಬರ. ಮೊದಲು ಇಬ್ಬರು ಆಳು ಟ್ರಾಲಿ ಹತ್ತಿ ಗುದ್ದಲೀಲಿ ಎಳೆದು ಖಾಲಿ ಮಾಡ್ತಿದ್ರು. ಈಗ ಆಳು ಸಿಗಲ್ಲ. ಹೋದ ಬೇಸಿಗೇಲಿ ಅಪ್ಪ ತಾವೇ ಹತ್ತಿ ಎಳೆದು, ಬೆನ್ನು ಹಿಡ್ಕೊಂಡು ಹದಿನೈದು ದಿನ ಮಲಗಿದ್ರು. ಟಿಪ್ಪಿಂಗ್ ಟ್ರಾಲಿ ತರೋಣ ಅಂದ್ರೆ ಅದರ ಜಾಕಿಗೆ ಎಣ್ಣೆ ಕೊಡೋ ಔಟ್‌ಲೆಟ್ಟೇ ಗಾಡಿ ಹಿಂದೆ ಇಲ್ಲ. "ಇದನ್ನ ಮಾರ್ಬುಡಪ್ಪ, ಹೊಸದು ತಗೊಳ್ಳೋಣ, ಇಎಂಐ ನಾನು ಕಟ್ತೀನಿ" ಅಂದೆ. ಅಪ್ಪ ಮಾತಾಡದೆ ಫೋನಿಟ್ಟರು.

ಆಮೇಲೆ ನನಗೆ ಹೇಳದೆ ಊರ ಕಡೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಯಾವುದೋ ಲೋಡರಿನ ಹಳೇ ವಾಲ್ವ್ ಬ್ಲಾಕ್ ಕೂರಿಸಿದ್ರು. ಲಿವರ್ ಎತ್ತಿದ್ರೆ ನೇಗಿಲು ಎತ್ತೋ ತೋಳುಗಳು ಎದ್ದು ನಿಂತವು, ಆಮೇಲೆ ಕುಸಿದವು. ಟ್ರಾಲಿ ಮಾತ್ರ ಅಲ್ಲಾಡಲಿಲ್ಲ. "ಪಂಪ್ ಸತ್ತೋಗಿದೆ" ಅಂದ್ರಂತೆ. ಪಂಪ್ ಸತ್ತಿರಲಿಲ್ಲ. ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದೋನು ತಲುಪಿದ್ದು 1952ರ ಅಮೆರಿಕದ ಒಂದು ಕೋರ್ಟಿಗೆ!

ಹ್ಯಾರಿ ಫರ್ಗ್ಯೂಸನ್ ಉತ್ತರ ಐರ್ಲೆಂಡಿನ ರೈತರ ಮನೆ ಹುಡುಗ. 1909ರ ಡಿಸೆಂಬರ್ 31ಕ್ಕೆ ತಾನೇ ಕಟ್ಟಿದ ವಿಮಾನ ಹಾರಿಸಿದ್ದ. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನ ಎತ್ತು ಎಳೆದ ಹಾಗೆ ಬರೀ ಎಳೀತಿದ್ವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿದ್ರೆ ಮುಂದಿನ ಚಕ್ರ ಎದ್ದು ಗಾಡಿ ಡ್ರೈವರ್ ಮೇಲೇ ಮಗುಚೋದು. ಫರ್ಗ್ಯೂಸನ್ ನೇಗಿಲನ್ನ ಮೂರು ಕಡೆ ಟ್ರ್ಯಾಕ್ಟರಿಗೇ ಜೋಡಿಸಿದ. ನೇಗಿಲಿಗೆ ಭಾರ ಬಿದ್ರೆ ಮೇಲಿನ ಕೊಂಡಿ ಒಂದು ಸ್ಪ್ರಿಂಗನ್ನ ಒತ್ತುತ್ತೆ, ಸ್ಪ್ರಿಂಗ್ ವಾಲ್ವನ್ನ ಸರಿಸುತ್ತೆ, ನೇಗಿಲು ತಾನೇ ಅಷ್ಟು ಮೇಲೇಳುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಫೀಡ್‌ಬ್ಯಾಕ್ ಲೂಪ್, ಅದೂ 1920ರ ದಶಕದಲ್ಲಿ, ಎಣ್ಣೆ ಮತ್ತೆ ಕಬ್ಬಿಣದಲ್ಲಿ.

1938ರಲ್ಲಿ ಆತ ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ಒಪ್ಪಂದ ಮಾಡ್ಕೊಂಡ. ಕಾಗದ ಇಲ್ಲ, ಪತ್ರ ಇಲ್ಲ. 1939ಕ್ಕೆ ಫೋರ್ಡ್ 9ಎನ್ ಬಂತು. ಮೊಮ್ಮಗ ಅಧಿಕಾರಕ್ಕೆ ಬಂದ ಮೇಲೆ ಫೋರ್ಡ್ ಕಂಪನಿ ಕೈ ಬಿಡ್ತು, ಆದ್ರೆ ಫರ್ಗ್ಯೂಸನ್ ಪದ್ಧತಿಯನ್ನ ಬಿಡಲಿಲ್ಲ. 1948ರಲ್ಲಿ ಆತ ಕೇಸು ಹಾಕಿದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿ ಆಯ್ತು. ದುಡ್ಡಿಗಿಂತ ನನಗೆ ಬೇಕಾಗಿದ್ದು ರಾಜಿಯ ಇನ್ನೊಂದು ಷರತ್ತು. ಪಂಪಿನ ಎಣ್ಣೆ ಹೀರೋ ಬದಿಯಲ್ಲಿ ವಾಲ್ವ್ ಇಡೋ ವಿನ್ಯಾಸವನ್ನ ಫೋರ್ಡ್ ಆ ವರ್ಷದ ಕೊನೆಗೆ ನಿಲ್ಲಿಸಬೇಕು. 1953ರ ಮಾಡೆಲ್ಲಿಗೆ ಫೋರ್ಡ್ ಬೇರೆ ಥರದ ಪಂಪನ್ನೇ ಇಟ್ಟಿತು.

ಅಪ್ಪನ ಗಾಡಿ ಕಥೆ ಇರೋದು ಇಲ್ಲೇ. ಬೇರೆ ಟ್ರ್ಯಾಕ್ಟರುಗಳಲ್ಲಿ ಪಂಪು ಸದಾ ಎಣ್ಣೆ ತಳ್ತಾನೇ ಇರುತ್ತೆ, ಕೆಲಸ ಇಲ್ಲದಾಗ ಅದು ಸುತ್ತಿ ವಾಪಸ್ ಬರುತ್ತೆ. ಲೋಡರಿನ ವಾಲ್ವ್ ಬ್ಲಾಕ್ ನಂಬಿರೋದು ಆ ಹರಿವನ್ನ. ಫರ್ಗ್ಯೂಸನ್ ವಂಶದ ಗಾಡಿಗಳಲ್ಲಿ ಪಂಪು ಹಿಂಭಾಗದ ಗೇರ್ ಎಣ್ಣೆಯೊಳಗೇ ಮುಳುಗಿರುತ್ತೆ, ನಾಲ್ಕು ಪಿಸ್ಟನ್ನಿಂದು. ಬೇಡದಾಗ ಹೀರೋ ಬಾಯೇ ಮುಚ್ಚಿರುತ್ತೆ, ಎಣ್ಣೆ ಹರಿಯೋದೇ ಇಲ್ಲ. ಲಿವರ್ ಎತ್ತಿದ್ರೆ ಬಾಯಿ ತೆರೆಯುತ್ತೆ, ಆದ್ರೆ ಎಣ್ಣೆ ಹಗುರಾಗಿರೋ ಕಡೆಗೇ ಮೊದಲು ಹೋಗುತ್ತೆ. ಖಾಲಿ ತೋಳು ಹಗುರ, ಗೋಡು ತುಂಬಿದ ಟ್ರಾಲಿ ಭಾರ. ತೋಳು ಮೇಲಕ್ಕೆ ಹೋಗಿದ ತಕ್ಷಣ ಗಾಡಿ "ಕೆಲಸ ಮುಗೀತು" ಅಂತ ಬಾಯಿ ಮುಚ್ಚಿಬಿಡುತ್ತೆ. ಟ್ರಾಲಿ ಎಲ್ಲಿ ಏಳಬೇಕು?

ಇಂಥ ಗಾಡಿ ಮದ್ರಾಸಿಗೆ ಬಂದಿದ್ದು ಹೇಗೆ ಅಂದ್ರೆ, ಮೌಂಟ್ ರೋಡಿನ ಸಿಂಪ್ಸನ್ ಕಂಪನಿ ನೋಡಿರ್ತೀರ. 1840ರಲ್ಲಿ ಸಾರೋಟು ಕಟ್ಟೋಕೆ ಶುರುವಾಗಿದ್ದು. ಎಸ್. ಅನಂತರಾಮಕೃಷ್ಣನ್ ಅದನ್ನ ಕೈಗೆ ತಗೊಂಡ ಮೇಲೆ 50ರ ದಶಕದಲ್ಲಿ ಸೆಂಬಿಯಂನಲ್ಲಿ ಪರ್ಕಿನ್ಸ್ ಡೀಸೆಲ್ ಎಂಜಿನ್ ತಯಾರಾಯ್ತು. ಆ ಕಡೆ ಫರ್ಗ್ಯೂಸನ್ 1953ರಲ್ಲೇ ತನ್ನ ವ್ಯಾಪಾರವನ್ನ ಕೆನಡಾದ ಮ್ಯಾಸಿ-ಹ್ಯಾರಿಸ್‌ಗೆ ಸೇರಿಸಿಬಿಟ್ಟಿದ್ದ. 1960ರಲ್ಲಿ ಮ್ಯಾಸಿ ಫರ್ಗ್ಯೂಸನ್ ಸಹಯೋಗದಲ್ಲಿ ಇಲ್ಲಿ ಟ್ಯಾಫೆ ಹುಟ್ಟಿತು. ಫರ್ಗ್ಯೂಸನ್ ತೀರಿಕೊಂಡಿದ್ದೂ ಅದೇ ವರ್ಷ. ನಮ್ಮ 1035 ಆ ಕಾಲದ 35ರ ಸಂತಾನ. ಆಮೇಲೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಟ್ಯಾಫೆ ಕಾರ್ಖಾನೆ ಬಂತು. ಮ್ಯಾಸಿ ಅನ್ನೋ ಹೆಸರು ಯಾರದು ಅಂತ ಟ್ಯಾಫೆಗೂ ಅಮೆರಿಕದ ಆಗ್ಕೋ ಕಂಪನಿಗೂ ನಡೆದ ಜಗಳ 2025ರಲ್ಲಿ ರಾಜಿಯಾಗಿ, ಭಾರತದಲ್ಲಿ ಆ ಹೆಸರು ಟ್ಯಾಫೆಗೇ ಉಳೀತು. ಈ ಟ್ರ್ಯಾಕ್ಟರಿನ ಹಣೇಲಿ ಜಗಳ, ರಾಜಿ ಎರಡೂ ಬರೆದಿರಬೇಕು.

ಒಂದು ಶನಿವಾರ ಜಿ.ಪಿ. ರೋಡು, ಪುದುಪೇಟೆ ಎಲ್ಲಾ ಸುತ್ತಿದೆ. ಮೂರನೇ ಅಂಗಡೀಲಿ ವಯಸ್ಸಾದ ಯಜಮಾನರೊಬ್ಬರು ನನ್ನ ಫೋನಿನ ಫೋಟೋ ನೋಡಿ ನಕ್ಕರು. "ಅದು ಇದುಕ್ಕು ಆಗಾದು ತಂಬಿ" ಅಂತ ಹೇಳಿ, ಕಾಗದದ ಮೇಲೆ ಚಿತ್ರ ಬರೆದು ಐದೇ ನಿಮಿಷದಲ್ಲಿ ತಿಳಿಸಿದ್ರು. ನಾನು ಮೂರು ವಾರ ಓದಿದ್ದು ಅಷ್ಟೇ! ಲಿಫ್ಟ್ ಕವರಿನ ಮೇಲೆ, ಒತ್ತಡದ ಎಣ್ಣೆ ಬರೋ ಜಾಗಕ್ಕೆ ಒಂದು ಮುಚ್ಚಳ ಇರುತ್ತೆ. ಅದನ್ನ ತೆಗೆದು ಸೆಲೆಕ್ಟರ್ ವಾಲ್ವಿರೋ ಮುಚ್ಚಳ ಹಾಕಬೇಕು. ಅದು ತೋಳಿನ ದಾರಿ ಕಟ್ಟಿ ಎಣ್ಣೆನೆಲ್ಲಾ ಪೈಪಿಗೆ ತಿರುಗಿಸುತ್ತೆ. ಟಿಪ್ಪಿಂಗಿಗೆ ಒಂದೇ ಪೈಪ್ ಸಾಕು. ಲಿವರ್ ಮೇಲೆ ಮಾಡಿದ್ರೆ ಜಾಕಿಗೆ ಎಣ್ಣೆ, ಕೆಳಗೆ ಮಾಡಿದ್ರೆ ಟ್ರಾಲಿ ತೂಕವೇ ಎಣ್ಣೆನ ವಾಪಸ್ ತಳ್ಳುತ್ತೆ.

ಮುಚ್ಚಳ, ಪೈಪು, ಕ್ವಿಕ್ ಕಪ್ಲರ್ ಎಲ್ಲಾ ಹಳೇ ಲುಂಗೀಲಿ ಸುತ್ಕೊಂಡು ಕಾವೇರೀಲಿ ಊರಿಗೆ ಹೋದೆ. ಬೇರೆ ಮೆಕ್ಯಾನಿಕ್ ಕರೆಸಿ ಅರ್ಧ ದಿನದಲ್ಲಿ ಕೂರಿಸಿದ್ವಿ. ಎರಡು ವಿಷಯ ನೆನಪಿಟ್ಕೊಳ್ಳಿ. ಜಾಕಿಗೆ ಹೋದಷ್ಟು ಎಣ್ಣೆ ಗೇರ್‌ಬಾಕ್ಸಿಂದ ಕಮ್ಮಿಯಾಗುತ್ತೆ, ಹಾಗಾಗಿ ಮಟ್ಟ ನೋಡಿ ತುಂಬಿಸಬೇಕು. ಇನ್ನೊಂದು, ಪೈಪ್ ಸೋರ್ತಾ ಇದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಬೇಡಿ, ರಟ್ಟು ಹಿಡಿದು ನೋಡಿ. ಚದರ ಇಂಚಿಗೆ 2000 ಪೌಂಡಿಗೂ ಮೇಲಿನ ಒತ್ತಡ ಅದು, ಸೂಜಿ ಥರ ಚರ್ಮದೊಳಗೆ ನುಗ್ಗುತ್ತೆ. ಎತ್ತಿದ ಟ್ರಾಲಿ ಕೆಳಗೆ ಕಂಬದ ಆಸರೆ ಇಲ್ಲದೆ ತಲೆ ಹಾಕೋದು ಬೇಡವೇ ಬೇಡ.

ಮೊದಲನೇ ಲೋಡು ಗೋಡು ಹೊಲದಲ್ಲಿ ಜಾರಿ ಬಿದ್ದಾಗ ಅಪ್ಪ ಸೀಟಿನಿಂದ ಇಳೀಲೇ ಇಲ್ಲ, ಹಿಂದೆ ತಿರುಗಿ ನೋಡ್ತಾನೇ ಇದ್ರು. ಗಾಡಿ ಮಾರೋ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಂಜೆ ಊಟಕ್ಕೆ ಕೂತಾಗ ಕೇಳಿದ್ರು, "ಪಕ್ಕದೂರಲ್ಲಿ ಪಲ್ಟಿ ನೇಗಿಲು ತಂದವ್ರೆ, ಅದಕ್ಕೆ ಎರಡು ಪೈಪ್ ಬೇಕಂತೆ. ಇನ್ನೊಂದು ಮಾಡ್ಸೋಕಾಗಲ್ವೇನ್ಲಾ?"

ಮುಂದಿನ ಶನಿವಾರ ಮತ್ತೆ ಪುದುಪೇಟೆಗೆ ಹೋಗ್ತಿದ್ದೀನಿ.